ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಗೋಲು ಬಾರದ ತಂಡದಲ್ಲಿ ಕುತ್ತು ಆಟಗಾರರದೋ ಕೋಚ್‌ದೋ ಎಂದು ಪತ್ತೆ ಹಚ್ಚುವ ಬಗೆ

ನಾಲ್ಕು ಪಂದ್ಯ ಗೋಲಿಲ್ಲದೆ ಕಳೆದರೆ ಬಳ್ಳಾರಿಯ ಯಾವ ಫುಟ್‌ಬಾಲ್ ಕ್ಲಬ್ಬಿನಲ್ಲೂ ಐದನೆಯದಕ್ಕೆ ಮುಂಚೆ ನಡೆಯುವ ಮಾತು ಒಂದೇ. "ಕೋಚ್‌ನ ಬದಲಿ ಮಾಡ್ರಿ" ಅನ್ನುವವರು ಒಂದು ಕಡೆ. "ಖಾಲಿ ಗೋಲಿನ್ಯಾಗ ಬಾಲ್ ಹಾಕಾಕ ಬರಲಿಲ್ಲ ಅಂದ್ರ ಕೋಚ್ ಬಂದು ಒದೀಬೇಕೇನ್ರೀ?" ಅನ್ನುವವರು ಇನ್ನೊಂದು ಕಡೆ. ವಗ್ಗರಣಿ-ಮಿರ್ಚಿ ತಟ್ಟೆ ಖಾಲಿಯಾಗುವ ಹೊತ್ತಿಗೆ ದನಿ ದೊಡ್ಡದಿದ್ದವರು ಗೆದ್ದಿರುತ್ತಾರೆ. ಹೆಚ್ಚಾಗಿ ತಲೆದಂಡ ಕೋಚ್‌ದೇ. ಹದಿನೆಂಟು ಹುಡುಗರನ್ನು ಬದಲಿಸುವುದಕ್ಕಿಂತ ಒಬ್ಬರನ್ನು ಮನೆಗೆ ಕಳಿಸುವುದು ಸುಲಭ ನೋಡಿ. ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಎಳೆಯಬಾರದು ಅಂದರೆ, ಮೊದಲು ಎರಡನ್ನೂ ಮುಟ್ಟಿ ನೋಡಬೇಕು.

ಆ ಮುಟ್ಟಿ ನೋಡುವ ಕೆಲಸವನ್ನು ಕ್ಲಬ್ಬಿನ ಕಾರ್ಯದರ್ಶಿ ಮಾಡಬಹುದು, ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು ಮಾಡಬಹುದು, ಕಟ್ಟೆ ಮೇಲೆ ಕೂತು ನೋಡುವ ಅಭಿಮಾನಿಯೂ ಮಾಡಬಹುದು. ಬೇಕಾಗುವುದು ಐದು ಪಂದ್ಯ, ಇಬ್ಬರು ಮನುಷ್ಯರು, ನೂರು ಪುಟದ ನೋಟ್‌ಬುಕ್, ಒಂದು ಮೊಬೈಲ್.

ಗೋಲು ಅನ್ನುವುದು ಒಂದು ಸರಪಳಿಯ ಕೊನೆಯ ಕೊಂಡಿ. ಚೆಂಡು ನಮ್ಮ ಕೀಪರ್‌ನಿಂದ ಹೊರಟು ಎದುರಾಳಿಯ ಕೊನೆಯ ಮೂರನೇ ಭಾಗಕ್ಕೆ ಹೋಗಬೇಕು, ಅಲ್ಲಿಂದ ಡಿ (ಗೋಲಿನ ಮುಂದಿನ ಪೆನಾಲ್ಟಿ ಬಾಕ್ಸ್) ಒಳಗೆ, ಅಲ್ಲಿ ಶಾಟ್ ಆಗಬೇಕು, ಶಾಟ್ ಕಂಬಗಳ ನಡುವೆ ಹೋಗಬೇಕು, ಆಮೇಲೆ ಬಲೆ. ಜಗಳವೆಲ್ಲ ಕೊನೆಯ ಕೊಂಡಿಯ ಬಗ್ಗೆ ನಡೆಯುತ್ತದೆ. ಕಳಚಿದ್ದು ಎರಡನೆಯದೋ ಮೂರನೆಯದೋ ಆಗಿರುತ್ತದೆ.

ಎಣಿಸುವುದಕ್ಕೆ ಮೊದಲು

ಮೊಬೈಲನ್ನು ಮಧ್ಯರೇಖೆಯ ನೇರಕ್ಕೆ, ನೆಲದಿಂದ ಕನಿಷ್ಠ ನಾಲ್ಕೈದು ಮೀಟರ್ ಎತ್ತರದಲ್ಲಿ ಇಡಿ. ಪೆವಿಲಿಯನ್ ಮೆಟ್ಟಿಲು, ಪಕ್ಕದ ಕಟ್ಟಡದ ಮಾಳಿಗೆ, ಏನೂ ಇಲ್ಲವಾದರೆ ನಿಲ್ಲಿಸಿದ ಲಾರಿಯ ಮೇಲಾದರೂ ಆದೀತು. ನೆಲದ ಮಟ್ಟದಿಂದ ತೆಗೆದ ವಿಡಿಯೊದಲ್ಲಿ ಆಟಗಾರರ ನಡುವಿನ ಅಂತರ ಕಾಣುವುದಿಲ್ಲ, ನಮಗೆ ಬೇಕಿರುವುದೇ ಅದು. ಚೆಂಡಿನ ಹಿಂದೆ ಝೂಮ್ ಓಡಿಸಬೇಡಿ. ಚೌಕಟ್ಟಿನಲ್ಲಿ ಎರಡೂ ತಂಡದ ಹದಿನಾಲ್ಕು-ಹದಿನೈದು ಜನ ಸದಾ ಕಾಣುತ್ತಿರಲಿ. ಸಂಜೆ ಪಂದ್ಯವಾದರೆ ಪಶ್ಚಿಮದ ಬದಿಯಲ್ಲಿ ನಿಲ್ಲಿ, ಸೂರ್ಯ ಬೆನ್ನಿಗೆ ಬೀಳುತ್ತಾನೆ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕಡೆ 40 ಡಿಗ್ರಿ ದಾಟಿದ ಬಿಸಿಲಿಗೆ ಫೋನ್ ಕಾದು ತಾನೇ ಬಂದ್ ಆಗುತ್ತದೆ, ಹಾಗಾಗಿ ಅದಕ್ಕೊಂದು ಕೊಡೆ ಹಿಡಿಯಿರಿ. 1080ರ ಗುಣಮಟ್ಟದಲ್ಲಿ 90 ನಿಮಿಷಕ್ಕೆ ಸುಮಾರು 6ರಿಂದ 12 ಜಿಬಿ ಜಾಗ ಬೇಕು. ಪಂದ್ಯದ ಮಧ್ಯೆ ಮದುವೆ ಫೋಟೊ ಅಳಿಸುತ್ತ ಕೂರುವ ಪ್ರಸಂಗ ಬರದಂತೆ ಹಿಂದಿನ ರಾತ್ರಿಯೇ ಖಾಲಿ ಮಾಡಿಕೊಳ್ಳಿ.

ಅಳತೆಯ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ; ಒಂದೊಂದು ಮೂರನೇ ಭಾಗ 35 ಮೀಟರ್. ನಮ್ಮಲ್ಲಿ ಬಹಳಷ್ಟು ಮೈದಾನ ಅಷ್ಟಿರುವುದಿಲ್ಲ. ಹೆಜ್ಜೆ ಹಾಕಿ ಅಳೆದು ಮೂರು ಪಾಲು ಮಾಡಿ, ಬದಿಗೆರೆಯ ಹೊರಗೆ ಮರಳು ತುಂಬಿದ ನೀರಿನ ಬಾಟಲಿ ಇಟ್ಟು ಗುರುತು ಮಾಡಿ. ನಾವು ಡಿ ಅನ್ನುವ ಪೆನಾಲ್ಟಿ ಬಾಕ್ಸ್ 16.5 ಮೀಟರ್ ಆಳ, 40.3 ಮೀಟರ್ ಅಗಲ ಇರಬೇಕು. ಸುಣ್ಣದ ಗೆರೆ ಇದಕ್ಕಿಂತ ಕಿರಿದಾಗಿದ್ದರೆ ಬಿದ್ದ ಗೆರೆಯನ್ನು ನಂಬದೆ ಅಳತೆಯನ್ನೇ ನಂಬಿ.

ಎಣಿಸುವವರು ಇಬ್ಬರು. ಒಬ್ಬರು ಕಣ್ಣು ತೆಗೆಯದೆ ನೋಡಿ ಹೇಳುತ್ತಾರೆ, ಇನ್ನೊಬ್ಬರು ಬರೆಯುತ್ತಾರೆ. ನೋಡುವುದು-ಬರೆಯುವುದು ಎರಡನ್ನೂ ಒಬ್ಬರೇ ಮಾಡಿದರೆ ಥ್ರೋ-ಇನ್ ಆದ ಮೇಲಿನ ಹತ್ತು ಸೆಕೆಂಡು ಪ್ರತಿ ಸಲ ತಪ್ಪುತ್ತದೆ. ಇಬ್ಬರಲ್ಲಿ ಯಾರೂ ಆಟಗಾರನ ಅಪ್ಪ, ಅಣ್ಣ, ಮಾವ ಆಗಿರಬಾರದು. ಇದು ತಮಾಷೆಗೆ ಹೇಳಿದ್ದಲ್ಲ.

ಪುಟದಲ್ಲಿ ಏನು ಬರೆಯಬೇಕು

ಪಂದ್ಯದ ಒಂದೊಂದು ಅರ್ಧಕ್ಕೆ ಒಂದು ಪುಟ. ಆರು ಕಾಲಂ: ಕೊನೆಯ ಮೂರನೇ ಭಾಗಕ್ಕೆ ಚೆಂಡು ಹತೋಟಿಯಲ್ಲಿ ಹೋದದ್ದು, ಡಿ ಒಳಗೆ ನಮ್ಮವನು ಚೆಂಡು ಮುಟ್ಟಿದ್ದು, ಒಟ್ಟು ಶಾಟ್, ಡಿ ಒಳಗಿನ ಶಾಟ್, ಕಂಬಗಳ ನಡುವೆ ಹೋದದ್ದು, ಗೋಲು. ಪ್ರತಿಯೊಂದಕ್ಕೂ ನಿಮಿಷ ಬರೆಯಿರಿ, ಮುಂದೆ ಬೇಕಾಗುತ್ತದೆ.

ಇದರ ಜೊತೆಗೆ ಎದುರಾಳಿಯ ಅರ್ಧದಲ್ಲಿ ಚೆಂಡು ಹೋದಾಗಲೆಲ್ಲ ಒಂದು ಅಕ್ಷರ:

ಪಾ – ಪಾಸ್ ತಪ್ಪಿತು
ಮು – ಮೊದಲ ಮುಟ್ಟಿನಲ್ಲೇ ಚೆಂಡು ಕಾಲಿನಿಂದ ದೂರ ಜಿಗಿಯಿತು
ಡ್ರಿ – ಡ್ರಿಬಲ್ ಮಾಡಲು ಹೋಗಿ ಕಸಿಸಿಕೊಂಡ
ಉ – ಉದ್ದ ಬಾಲ್, ಯಾರಿಗೂ ಅಲ್ಲ
ಒ – ಒಬ್ಬನೇ ಇದ್ದ, ಕೊಡಲು ಯಾರೂ ಇರಲಿಲ್ಲ

ಕೊನೆಯ "ಒ" ಬಹಳ ಬೆಲೆಯುಳ್ಳದ್ದು. ಗ್ಯಾಲರಿಯಿಂದ ನೋಡಿದಾಗ "ಒ" ಕೂಡ "ಡ್ರಿ" ಹಾಗೆ ಕಾಣುತ್ತದೆ. ಹುಡುಗ ಸ್ವಾರ್ಥಿಯಂತೆ ಆಡಿ ಬಾಲ್ ಕಳೆದ ಅಂತ ಎಲ್ಲರೂ ಬೈಯುತ್ತಾರೆ. ವಿಡಿಯೊ ನಿಲ್ಲಿಸಿ ನೋಡಿದರೆ ಅವನ ಸುತ್ತ 15 ಮೀಟರ್ ಒಳಗೆ ನಮ್ಮ ಅಂಗಿಯವರೇ ಇರುವುದಿಲ್ಲ. ಅದಕ್ಕೇ ಅನುಮಾನ ಬಂದದ್ದನ್ನು ಮೈದಾನದಲ್ಲಿ ತೀರ್ಮಾನಿಸದೆ ಪ್ರಶ್ನಾರ್ಥಕ ಹಾಕಿ, ರಾತ್ರಿ ವಿಡಿಯೊ ನೋಡಿ ತಿದ್ದಿ.

ಶಾಟ್‌ಗೆ ಬೆಲೆ ಕಟ್ಟಿ

ಎಲ್ಲ ಶಾಟ್ ಒಂದೇ ಅಲ್ಲ ಅನ್ನುವುದು ಎಲ್ಲರಿಗೂ ಗೊತ್ತು, ಆದರೆ ಜಗಳದಲ್ಲಿ ಮರೆತುಹೋಗುತ್ತದೆ. ದೊಡ್ಡ ಲೀಗ್‌ಗಳಲ್ಲಿ ಇದಕ್ಕೆ ಎಕ್ಸ್‌ಜಿ ಎಂಬ ಲೆಕ್ಕವಿದೆ: ಆ ಜಾಗದಿಂದ, ಆ ಬಗೆಯಲ್ಲಿ ಹೊಡೆದರೆ ಗೋಲಾಗುವ ಸಂಭವ ಎಷ್ಟು ಎಂಬ ಅಂಕಿ. ಅವರ ಕಂಪ್ಯೂಟರ್ ಲೆಕ್ಕ ನಮಗೆ ಬೇಡ. ಕೆಳಗಿನ ಒರಟು ದರ ಸಾಕು:

ಪೆನಾಲ್ಟಿಗೆ 0.75
ಗೋಲಿನ ಮುಂದಿನ 5.5 ಮೀಟರ್‌ನ ಸಣ್ಣ ಬಾಕ್ಸ್ ಒಳಗಿನಿಂದ 0.4
ಸಣ್ಣ ಬಾಕ್ಸ್‌ನಿಂದ ಪೆನಾಲ್ಟಿ ಚುಕ್ಕೆಯವರೆಗೆ, ಗೋಲಿಗೆ ನೇರ 0.2
ಡಿ ಒಳಗೇ, ಆದರೆ ಓರೆಯಾಗಿ 0.07
ಡಿ ಹೊರಗಿನಿಂದ 0.03
ತಲೆಯಿಂದ ಹೊಡೆದ ಹೆಡರ್ ಆದರೆ ಆ ಜಾಗದ ದರದ ಅರ್ಧ

ನಮ್ಮ ಕಡೆ ಕೀಪರ್‌ಗಳು ಗಿಡ್ಡರಿರುತ್ತಾರೆ, ನೆಲ ಗಟ್ಟಿ, ಬಾಲ್ ಕುಪ್ಪಳಿಸುತ್ತದೆ. ದರ ಸ್ವಲ್ಪ ಹೆಚ್ಚು ಇಟ್ಟುಕೊಂಡರೂ ತಪ್ಪಿಲ್ಲ. ಎಲ್ಲ ಪಂದ್ಯಕ್ಕೂ ಒಂದೇ ದರ ಇರಲಿ, ಅಷ್ಟೇ.

ಈಗ ಎರಡು ತಂಡ ಊಹಿಸಿಕೊಳ್ಳಿ. ಎರಡೂ ಐದು ಪಂದ್ಯದಲ್ಲಿ ಎರಡೆರಡು ಗೋಲು ಹೊಡೆದಿವೆ. ಮೊದಲ ತಂಡದ ಶಾಟ್ 52: ಡಿ ಹೊರಗಿನಿಂದ 38, ಓರೆಯಿಂದ 10, ನೇರದಿಂದ 4. ಗುಣಿಸಿ ಕೂಡಿದರೆ 1.14, 0.7, 0.8, ಒಟ್ಟು 2.64. "ಐವತ್ತೆರಡು ಶಾಟ್ ಹೊಡೆದು ಎರಡೇ ಗೋಲಾ, ಫಾರ್ವರ್ಡ್‌ಗೆ ಕಾಲೇ ಇಲ್ಲ" ಅಂತ ಊರೆಲ್ಲ ಹೇಳುತ್ತದೆ. ಆದರೆ ಆ ಶಾಟ್‌ಗಳಿಗೆ ಬರಬೇಕಾದದ್ದೇ ಎರಡು-ಮೂರು ಗೋಲು. ಫಾರ್ವರ್ಡ್ ತನ್ನ ಪಾಲಿನ ಕೆಲಸ ಮಾಡಿದ್ದಾನೆ, ತಂಡ ಅವನಿಗೆ ಒಳ್ಳೆಯ ಜಾಗ ಕೊಟ್ಟಿಲ್ಲ.

ಎರಡನೇ ತಂಡದ ಶಾಟ್ ಬರೀ 32: ಹೊರಗಿನಿಂದ 8, ಓರೆಯಿಂದ 8, ನೇರದಿಂದ 11, ಸಣ್ಣ ಬಾಕ್ಸ್ ಒಳಗಿನಿಂದ 5. ಲೆಕ್ಕ 5ಕ್ಕೆ ಬರುತ್ತದೆ. ಐದು ಬರಬೇಕಾದಲ್ಲಿ ಎರಡು. ಇಲ್ಲಿ ಕೋಚ್ ಕಟ್ಟಿದ ಆಟ ಫಲ ಕೊಡುವ ಹಂತದವರೆಗೆ ಬಂದಿದೆ, ಬಾಗಿಲಲ್ಲಿ ಎಡವುತ್ತಿದೆ.

ಹಾಗಂತ ಇಲ್ಲೇ ಫಾರ್ವರ್ಡ್ ಕೊರಳಿಗೆ ಹಗ್ಗ ಹಾಕುವುದೂ ಅವಸರವೇ. ಐದು ಗೋಲು ನಿರೀಕ್ಷೆ ಇರುವಲ್ಲಿ ಎರಡು ಅಥವಾ ಅದಕ್ಕಿಂತ ಕಡಿಮೆ ಬರುವುದು ಬರೀ ಅದೃಷ್ಟದಿಂದಲೇ ಎಂಟರಲ್ಲಿ ಒಂದು ಸಲ ಆಗುತ್ತದೆ. ಹತ್ತು ಪಂದ್ಯ ಕಳೆದು, ಹತ್ತು ನಿರೀಕ್ಷೆಗೆ ನಾಲ್ಕೇ ಬಂದಿದ್ದರೆ ಅದು ನೂರರಲ್ಲಿ ಮೂರು ಸಲದ ಮಾತು. ಆಗ ಅದೃಷ್ಟದ ನೆವ ಬಿಡಬಹುದು. ಇಂಗ್ಲೆಂಡಿನ ಬ್ರೈಟನ್ ತಂಡ 2020–21ರ ಪ್ರೀಮಿಯರ್ ಲೀಗಿನಲ್ಲಿ ಹೊಡೆದದ್ದು 40 ಗೋಲು, ಅವಕಾಶದ ಲೆಕ್ಕಕ್ಕಿಂತ ಹತ್ತಕ್ಕೂ ಹೆಚ್ಚು ಕಡಿಮೆ. ಕೊನೆಗೆ 16ನೇ ಸ್ಥಾನ. ಕ್ಲಬ್ ಕೋಚ್ ಗ್ರಹಾಂ ಪಾಟರ್ ಅವರನ್ನು ಮುಟ್ಟಲಿಲ್ಲ. ಮುಂದಿನ ವರ್ಷ 9ನೇ ಸ್ಥಾನ ಬಂತು. ಗೋಲು ಮಾತ್ರ ಆಗಲೂ 42 ಅಷ್ಟೇ! ಆಟ ಕಟ್ಟಿದ ಕೋಚ್ ಸರಿಯಿದ್ದರು, ಬಾಗಿಲು ದಾಟಿಸುವ ಕಾಲಿನ ಕೊರತೆ ಕೊರತೆಯಾಗಿಯೇ ಉಳಿದಿತ್ತು. ಎರಡೂ ಮಾತು ಒಟ್ಟಿಗೆ ನಿಜವಾಗಬಹುದು ಎಂದು ತೋರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಕೊಂಡಿ ಕಳಚಿದ ಜಾಗ

ಚೆಂಡು ಕೊನೆಯ ಮೂರನೇ ಭಾಗಕ್ಕೇ ಹೋಗುತ್ತಿಲ್ಲ ಎಂದಾದರೆ ಗೋಲ್ ಕಿಕ್‌ಗಳಿಂದ ಶುರು ಮಾಡಿ. ಹತ್ತು ಗೋಲ್ ಕಿಕ್ ವಿಡಿಯೊ ಒಂದರ ಹಿಂದೆ ಒಂದು ನೋಡಿ. 2019ರ ನಿಯಮ ಬದಲಾವಣೆಯ ನಂತರ ನಮ್ಮ ಬ್ಯಾಕ್‌ಗಳು ಡಿ ಒಳಗೇ ನಿಂತು ಚೆಂಡು ಪಡೆಯಬಹುದು, ಆದರೂ ಬಹಳ ತಂಡಗಳು ಹಳೆಯ ಅಭ್ಯಾಸದಂತೆ ಎತ್ತಿ ಬಾರಿಸುತ್ತವೆ. ಉದ್ದ ಬಾಲ್ ಹಾಕುವುದೇನೂ ಪಾಪವಲ್ಲ, ಬಳ್ಳಾರಿಯ ಗಟ್ಟಿ ಕೆಂಪು ನೆಲದಲ್ಲಿ ಕೆಲವೊಮ್ಮೆ ಅದೇ ಜಾಣತನ. ಕೇಳಬೇಕಾದದ್ದು, ಬಾಲ್ ಬೀಳುವ ಹೊತ್ತಿಗೆ ನಮ್ಮ ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಎಷ್ಟು ದೂರ ಇದೆ ಎಂದು. 35–40 ಮೀಟರ್ ಒಳಗಿದ್ದರೆ ಮೊದಲ ಪೈಪೋಟಿಯಲ್ಲಿ ಸಿಡಿದು ಬೀಳುವ ಎರಡನೇ ಬಾಲ್ ನಮ್ಮದಾಗುವ ಅವಕಾಶವಿದೆ. 55–60 ಆದರೆ ಮೈದಾನದ ಮಧ್ಯದಲ್ಲಿ ಆಡುವ ಹಾಫ್‌ಗಳು ಬಿಸಿಲಲ್ಲಿ ಬರೀ ಓಡಾಡುತ್ತಾರೆ, ಬಾಲ್ ಎದುರಾಳಿಯದೇ. ಸಾಲುಗಳ ಅಂತರ ಕೋಚ್ ಖಾತೆಗೆ ಬರೆಯಿರಿ.

ಮೂರನೇ ಭಾಗಕ್ಕೆ ಹೋಗುತ್ತದೆ, ಡಿ ಒಳಗೆ ಹೋಗುತ್ತಿಲ್ಲ. ನಮ್ಮ ಜಿಲ್ಲಾ ಮಟ್ಟದ ತಂಡಗಳ ಅಸಲಿ ರೋಗ ಬಹುತೇಕ ಇಲ್ಲೇ ಇರುತ್ತದೆ, ಹಾಗಾಗಿ ಇಲ್ಲಿ ನಿಧಾನ ಮಾಡಿ. ಬದಿಯಲ್ಲಿ ಆಡುವ ವಿಂಗರ್ ಕಾಲಿಗೆ ಚೆಂಡು ಬಂದ ಕ್ಷಣ ವಿಡಿಯೊ ನಿಲ್ಲಿಸಿ. ಆಮೇಲೆ ಕ್ರಾಸ್, ಅಂದರೆ ಬದಿಯಿಂದ ಡಿ ಒಳಗೆ ಹಾಕುವ ಚೆಂಡು, ಕಾಲಿನಿಂದ ಹೊರಟ ಕ್ಷಣ ಮತ್ತೆ ನಿಲ್ಲಿಸಿ. ಆ ಎರಡನೇ ಚಿತ್ರದಲ್ಲಿ ಡಿ ಒಳಗೆ ನಮ್ಮವರು ಎಷ್ಟು? ಹತ್ತಿರದ ಕಂಬಕ್ಕೆ ಒಬ್ಬ, ದೂರದ ಕಂಬಕ್ಕೆ ಒಬ್ಬ, ಹಿಂದಕ್ಕೆ ಎಳೆದ ಪಾಸ್‌ಗೆ ಪೆನಾಲ್ಟಿ ಚುಕ್ಕೆ ಹತ್ತಿರ ಒಬ್ಬ, ಮೂವರು ಇರಬೇಕು. ಹತ್ತು ಕ್ರಾಸ್‌ನಲ್ಲಿ ಏಳೆಂಟು ಸಲ ಒಬ್ಬನೇ ಇದ್ದರೆ ಆ ಒಬ್ಬನ ಹೆಡರ್ ಬಗ್ಗೆ ಮಾತಾಡುವುದೇ ಅನ್ಯಾಯ. ಈಗ ಮೊದಲ ಚಿತ್ರಕ್ಕೆ ಹಿಂದಿರುಗಿ: ವಿಂಗರ್‌ಗೆ ಚೆಂಡು ಬಂದಾಗ ಉಳಿದವರು ಓಡಲು ಶುರು ಮಾಡಿದ್ದರೇ? ಶುರು ಮಾಡಿ ತಲುಪಲಿಲ್ಲ ಅಂದರೆ ದಮ್ಮಿನ ಪ್ರಶ್ನೆ. ನಿಂತು ನೋಡುತ್ತಿದ್ದರೆ ಯಾರೂ ಅವರಿಗೆ ಓಡಲು ಹೇಳಿಕೊಟ್ಟಿಲ್ಲ, ಅಥವಾ ಹೇಳಿದ್ದನ್ನು ಕೇಳಿಲ್ಲ. ಯಾವುದು ಎಂದು ಮುಂದೆ ಬರುವ ಮೂವರ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ಅಗಲವನ್ನೂ ನೋಡಿ. ನಮ್ಮ ಎಡ ವಿಂಗರ್, ಬಲ ವಿಂಗರ್ ನಡುವೆ ದಾಳಿಯ ಹೊತ್ತಿನಲ್ಲಿ 30 ಮೀಟರ್ ಮಾತ್ರ ಇದ್ದರೆ ನಾಲ್ಕು ಡಿಫೆಂಡರ್ ನಿಂತಲ್ಲೇ ಎಲ್ಲ ಮುಚ್ಚಿಬಿಡುತ್ತಾರೆ. ಚೆಂಡು ಇದ್ದಲ್ಲಿಗೆ ಎಲ್ಲರೂ ನುಗ್ಗುವ ಗಲ್ಲಿ ಆಟದ ಚಟ ದೊಡ್ಡ ಮೈದಾನಕ್ಕೂ ಬಂದಿರುತ್ತದೆ. ಚಟ ಆಟಗಾರರದು, ಬಿಡಿಸುವ ಹೊಣೆ ಕೋಚ್‌ದು.

ಡಿ ಒಳಗೆ ಹೋಗುತ್ತದೆ, ಶಾಟ್ ಆಗುತ್ತಿಲ್ಲ. "ಮು" ಅಕ್ಷರ ಎಣಿಸಿ. ಒಬ್ಬನ ಹೆಸರಿನ ಎದುರೇ ಗುಂಪುಗೂಡಿದ್ದರೆ ಅವನ ಕಾಲಿನ ಸಮಸ್ಯೆ. ಎಲ್ಲರಲ್ಲೂ ಸಮನಾಗಿದ್ದರೆ ಮೊದಲು ಚೆಂಡಿನ ಗಾಳಿ ನೋಡಿ. ನಿಯಮದಂತೆ ಒತ್ತಡ 0.6ರಿಂದ 1.1 ಅಟ್ಮಾಸ್ಫಿಯರ್. ಬೆಳಿಗ್ಗೆ ಪಂಪ್ ಹೊಡೆದು ಬಿಸಿಲಲ್ಲಿ ಬಿಟ್ಟ ಚೆಂಡು ಸಂಜೆಗೆ ಇನ್ನೂ ಉಬ್ಬಿ, ಗಟ್ಟಿ ನೆಲದಲ್ಲಿ ರಬ್ಬರ್ ಬಾಲ್ ತರ ಜಿಗಿಯುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನಗಬೇಡಿ. ಒಮ್ಮೊಮ್ಮೆ ನೆಲ ನಿಜಕ್ಕೂ ಡೊಂಕಿರುತ್ತದೆ.

ಒಳ್ಳೆಯ ಶಾಟ್ ಆಗುತ್ತದೆ, ಗೋಲಿಲ್ಲ. ಇದು ಆಟಗಾರನ ಖಾತೆ ಅನ್ನಿಸುತ್ತದೆ. ಬಾರಿನ ಮೇಲೆ ಹೋದ ಶಾಟ್‌ಗಳಲ್ಲಿ ನಿಂತ ಕಾಲು ನೋಡಿ: ಚೆಂಡಿನ ಹಿಂದೆ ಬಿದ್ದಿದ್ದರೆ ಮೈ ಹಿಂದಕ್ಕೆ ವಾಲಿ ಚೆಂಡು ಮೇಲೇಳುತ್ತದೆ. ಕಾಲು ಚೆಂಡಿನ ಪಕ್ಕಕ್ಕೆ, ಮಂಡಿ ಚೆಂಡಿನ ಮೇಲಕ್ಕೆ ಬರಬೇಕು. ಕುಪ್ಪಳಿಸುವ ಚೆಂಡಿಗೆ ಇದು ಇನ್ನೂ ಕಷ್ಟ. ಆದರೆ ಆಟಗಾರನಿಗೆ ಬರೆ ಎಳೆಯುವ ಮುಂಚೆ ಅಭ್ಯಾಸಕ್ಕೆ ಹೋಗಿ ಕೂತು ಒಂದು ಲೆಕ್ಕ ಮಾಡಿ. ಇಪ್ಪತ್ತು ಹುಡುಗರು, ಒಂದು ಗೋಲು, ಒಂದೇ ಸಾಲು, ಇಪ್ಪತ್ತು ಸೆಕೆಂಡಿಗೊಂದು ಶಾಟ್, ಹದಿನೈದು ನಿಮಿಷ. ಒಟ್ಟು 45 ಶಾಟ್. ಒಬ್ಬನಿಗೆ ಎರಡು, ಕೆಲವರಿಗೆ ಮೂರು. ವಾರಕ್ಕೆ ಮೂರು ದಿನ ಅಭ್ಯಾಸವಾದರೆ ಫಾರ್ವರ್ಡ್ ವಾರವಿಡೀ ಹೊಡೆಯುವುದು ಏಳೆಂಟು ಶಾಟ್, ಅದೂ ನಿಂತ ಚೆಂಡಿಗೆ, ಯಾರೂ ಹಿಂದೆ ಬಾರದಾಗ. ಅಂಥ ಹುಡುಗ ಭಾನುವಾರ ಡಿಫೆಂಡರ್ ಬೆನ್ನಿಗಿರುವಾಗ ತಪ್ಪಿಸಿದರೆ ಅದು ಯಾರ ಖಾತೆ? ಕೋನ್ ಇಟ್ಟು ಇನ್ನೆರಡು ಗೋಲು ಮಾಡಿ, ಆರೇಳು ಜನರ ಮೂರು ಗುಂಪು ಮಾಡಿದರೆ ಅದೇ ಹದಿನೈದು ನಿಮಿಷದಲ್ಲಿ ಒಬ್ಬೊಬ್ಬನಿಗೆ ಆರೇಳು ಶಾಟ್ ಸಿಗುತ್ತದೆ. ಫಾರ್ವರ್ಡ್‌ಗಳನ್ನು ಕೊನೆಗೆ ಹತ್ತು ನಿಮಿಷ ಉಳಿಸಿಕೊಂಡರೆ ವಾರಕ್ಕೆ ನಲವತ್ತು ದಾಟಿಸಬಹುದು. ಇದಕ್ಕೆ ಕಾಸಿನ ಖರ್ಚಿಲ್ಲ. ಇಷ್ಟನ್ನು ಆರು ವಾರ ಮಾಡಿಯೂ ಸಣ್ಣ ಬಾಕ್ಸ್‌ನಿಂದ ತಪ್ಪಿಸುತ್ತಿದ್ದರೆ, ಆಗ ಆ ಹುಡುಗನ ಜಾಗ ಬೇರೆ ಎಲ್ಲೋ ಇದೆ.

ನಿಮಿಷ ಬರೆದದ್ದು ಈಗ ಉಪಯೋಗಕ್ಕೆ ಬರುತ್ತದೆ. ಶಾಟ್‌ಗಳನ್ನು ಹದಿನೈದು ನಿಮಿಷದ ಕಂತು ಮಾಡಿ. ಕೊನೆಯ ಎರಡು ಕಂತಿನಲ್ಲಿ ಬತ್ತಿಹೋಗಿದ್ದರೆ ದಮ್ಮು, ನೀರು, ಬದಲಿ ಆಟಗಾರರನ್ನು ಇಳಿಸುವ ಸಮಯ ನೋಡಿ. ಬಿಸಿಲು ಹೆಚ್ಚಿದ್ದರೆ ಒಂದೂವರೆಯಿಂದ ಮೂರು ನಿಮಿಷದ ಕೂಲಿಂಗ್ ಬ್ರೇಕ್ ಕೊಡಲು ನಿಯಮದಲ್ಲೇ ಅವಕಾಶವಿದೆ. ಪಂದ್ಯದ ಮುಂಚೆಯೇ ರೆಫರಿಯವರನ್ನು ಕೇಳಿಕೊಳ್ಳಬೇಕು.

ಮೂರು ಪರೀಕ್ಷೆ

ಮೊದಲನೆಯದು ಪುನರಾವರ್ತನೆ. ಒಂದೇ ಬಗೆಯ ತಪ್ಪನ್ನು ನಾಲ್ಕು ಬೇರೆ ಆಟಗಾರರು ಮಾಡುತ್ತಿದ್ದರೆ ಅದು ಕಲಿಸಿದ್ದು, ಅಥವಾ ಕಲಿಸದೆ ಬಿಟ್ಟದ್ದು. ನಾಲ್ಕು ಬಗೆಯ ತಪ್ಪನ್ನು ಒಬ್ಬನೇ ಮಾಡುತ್ತಿದ್ದರೆ ಅವನದು.

ಎರಡನೆಯದು ಮೂವರ ಪರೀಕ್ಷೆ. ವೃತ್ತಿಪರ ಫುಟ್‌ಬಾಲ್‌ನಲ್ಲೂ ಸುಮಾರು ಕಾಲುಭಾಗ ಗೋಲು ಕಾರ್ನರ್, ಫ್ರೀ ಕಿಕ್, ಪೆನಾಲ್ಟಿಯಂಥ ನಿಂತ ಚೆಂಡಿನಿಂದ ಬರುತ್ತವೆ. ಆದ್ದರಿಂದ ಅಲ್ಲಿಂದಲೇ ಕೇಳಿ. ಮೂವರು ಆಟಗಾರರನ್ನು ಬೇರೆ ಬೇರೆಯಾಗಿ ಕರೆದು, "ಎಡಗಡೆ ಕಾರ್ನರ್ ಸಿಕ್ರ ನೀನು ಎಲ್ಲಿಗೆ ಓಡ್ತೀಯಪಾ? ಪಕ್ಕದವ ಎಲ್ಲಿಗೆ ಓಡ್ತಾನ?" ಅಂತ ಕೇಳಿ, ಕಾಗದದ ಮೇಲೆ ಬರೆಸಿ. ಮೂರು ಉತ್ತರ ಮೂರು ದಿಕ್ಕಿಗಿದ್ದರೆ ಯೋಜನೆಯೇ ಇಲ್ಲ, ಅಥವಾ ಹುಡುಗರಿಗೆ ಮುಟ್ಟಿಲ್ಲ. ಎರಡೂ ಕೋಚ್ ಖಾತೆ. ಮೂರೂ ಒಂದೇ ಆಗಿದ್ದು ಮೈದಾನದಲ್ಲಿ ಮಾಡಿಲ್ಲ ಅಂದರೆ ಆಟಗಾರರು ಉತ್ತರ ಕೊಡಬೇಕು. ಇದೇ ಪ್ರಶ್ನೆಯನ್ನು ಗೋಲ್ ಕಿಕ್‌ಗೆ, ಕ್ರಾಸ್ ಹೊತ್ತಿನ ಓಟಕ್ಕೆ ಕೇಳಿ. ಒಂದು ಎಚ್ಚರ: ಕೋಚ್ ಎದುರಿಗೆ ಕೇಳಬೇಡಿ, ಕೋಚ್‌ಗೆ ತಿಳಿಸದೆಯೂ ಕೇಳಬೇಡಿ. "ಸರ್, ಹಿಂಗ ಕೇಳಾಕತ್ತೀವಿ" ಅಂತ ಮೊದಲೇ ಹೇಳಿ. ಬೆನ್ನ ಹಿಂದೆ ನಡೆದದ್ದು ಗೊತ್ತಾದ ದಿನ ತಂಡ ಎರಡಾಗುತ್ತದೆ.

ಮೂರನೆಯದು ಅದಲುಬದಲು. ಫಾರ್ವರ್ಡ್‌ನನ್ನು ಬದಲಿಸಿ, ಉಳಿದದ್ದೆಲ್ಲ ಹಾಗೇ ಇಟ್ಟು ಎರಡು ಪಂದ್ಯ ಆಡಿಸಿ. ಹೊಸಬನಿಗೂ "ಒ" ತುಂಬಿದರೆ ಜಾಗದ ಸಮಸ್ಯೆ, ಮನುಷ್ಯನದಲ್ಲ. ಆಮೇಲೆ ಹಳಬನನ್ನೇ ಇಟ್ಟು ಅವನ ಹತ್ತಿರಕ್ಕೆ ಒಬ್ಬ ಹಾಫ್ ತಂದು ಎರಡು ಪಂದ್ಯ. ಒಂದೇ ಸಲ ಮೂರು ಬದಲಾವಣೆ ಮಾಡಿ ಗೆದ್ದರೆ ಯಾವುದು ಗೆಲ್ಲಿಸಿತು ಎಂದು ಯಾರಿಗೂ ತಿಳಿಯುವುದಿಲ್ಲ, ಸೋತರೂ ಅಷ್ಟೇ. ಕಾಲೇಜು ತಂಡಕ್ಕೆ ಗೋಲಿನ ಮೇಲೆ ಗೋಲು ಹೊಡೆಯುವ ಹುಡುಗ ಕ್ಲಬ್ಬಿಗೆ ಬಂದಾಗ ಬತ್ತುತ್ತಿದ್ದರೆ, ಎರಡು ಕಡೆ ಅವನು ನಿಲ್ಲುವ ಜಾಗ ಹೋಲಿಸಿ.

ಬೋನಿನಲ್ಲಿ ನಿಲ್ಲದ ಮೂರನೇ ಆರೋಪಿ

ಕೋಚ್-ಆಟಗಾರ ಜಗಳದಲ್ಲಿ ಸದಾ ತಪ್ಪಿಸಿಕೊಳ್ಳುವುದು ಕಮಿಟಿ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಅಭ್ಯಾಸದ ಹಾಜರಿ ಬರೆದಿಡಿ. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳಲ್ಲಿ, ತೋರಣಗಲ್ಲಿನ ಕಾರ್ಖಾನೆಗಳಲ್ಲಿ ಪಾಳಿ ಕೆಲಸಕ್ಕೆ ಹೋಗುವ ಹುಡುಗರಿರುವ ತಂಡದಲ್ಲಿ ಹನ್ನೊಂದು ಜನ ಒಟ್ಟಿಗೆ ಸಿಗುವುದೇ ಪಂದ್ಯದ ದಿನ. ಒಟ್ಟಿಗೆ ಸಿಗದವರಿಗೆ ಒಟ್ಟಿಗೆ ಓಡುವುದನ್ನು ಯಾವ ಕೋಚ್ ಕಲಿಸಿಯಾನು? ಚೆಂಡು ಎಷ್ಟಿವೆ? ಇಬ್ಬರಿಗೊಂದಾದರೂ ಬೇಕು, ಇಪ್ಪತ್ತು ಹುಡುಗರಿಗೆ ಮೂರು ಚೆಂಡು ಕೊಟ್ಟು ಫಿನಿಶಿಂಗ್ ಸರಿಯಿಲ್ಲ ಅನ್ನಬಾರದು. ಹನ್ನೊಂದು ಹೆಸರು ಬರೆಯುವವರು ಯಾರು? ಚಂದಾ ಕೊಡುವವರ ಮಗ ಕಡ್ಡಾಯವಾಗಿ ಮುಂದೆ ಆಡಬೇಕೆಂದಿದ್ದರೆ ಕೋಚ್ ಮೇಲೆ ಅರ್ಧ ಹೊಣೆಯನ್ನೂ ಹೊರಿಸಲಾಗದು. ಸಿರುಗುಪ್ಪ, ಸಿಂಧನೂರು ದಾಟಿ ರಾಯಚೂರಿಗೆ ಬೆಳಗಿನ ಬಸ್ಸಿನಲ್ಲಿ ಹೋಗಿ, ಬುತ್ತಿ ಉಂಡು, ಅದೇ ದಿನ ಆಡಿದ ಪಂದ್ಯವನ್ನು ಬೇರೆ ಪುಟದಲ್ಲಿ ಬರೆಯಿರಿ. ಊರಿನ ಪಂದ್ಯದ ಅಂಕಿಗೆ ಅದನ್ನು ಕೂಡಿಸಿದರೆ ಚಿತ್ರ ಕೆಡುತ್ತದೆ.

ಕೋಚ್ ಬದಲಾದರೆ ಗೋಲು ಬರುತ್ತದೆಯೇ

ಕೆಲವೊಮ್ಮೆ ಬರುತ್ತದೆ. ಲೆಸ್ಟರ್ ಸಿಟಿ 2016ರಲ್ಲಿ ಪ್ರೀಮಿಯರ್ ಲೀಗ್ ಗೆದ್ದು, 2017ರ ಫೆಬ್ರುವರಿಯಲ್ಲಿ ಕೆಳದರ್ಜೆಗೆ ಜಾರುವ ಅಂಚಿಗೆ ಬಂದಾಗ ಕ್ಲಾಡಿಯೊ ರನೇರಿ ಅವರನ್ನು ತೆಗೆಯಿತು. ಅದೇ ಆಟಗಾರರು ಮುಂದಿನ ಐದು ಲೀಗ್ ಪಂದ್ಯ ಸತತ ಗೆದ್ದರು. ಕಾಲು ಬದಲಾಗಿರಲಿಲ್ಲ, ಕೋಚ್‌ಗೂ ಆಟಗಾರರಿಗೂ ನಡುವಿನ ಎಳೆ ಹರಿದಿತ್ತು.

ಆದರೆ ನೆದರ್‌ಲ್ಯಾಂಡ್ಸ್ ಲೀಗಿನ 1986ರಿಂದ 2004ರವರೆಗಿನ ಫಲಿತಾಂಶ ಹಿಡಿದು ನೋಡಿದ ಅಧ್ಯಯನ ಬೇರೆ ಮಾತು ಹೇಳುತ್ತದೆ. ಕೋಚ್ ತೆಗೆದ ತಂಡಗಳು ಚೇತರಿಸಿಕೊಂಡವು, ನಿಜ. ಅಷ್ಟೇ ಕೆಟ್ಟ ದೆಸೆಯಲ್ಲಿದ್ದು ಕೋಚ್ ತೆಗೆಯದ ತಂಡಗಳೂ ಹಾಗೆಯೇ ಚೇತರಿಸಿಕೊಂಡವು. ಇಂಡಿಯನ್ ಸೂಪರ್ ಲೀಗಿನ (ಐಎಸ್‌ಎಲ್) ಬೆಂಗಳೂರು ಎಫ್‌ಸಿಯಲ್ಲೂ ಇದರ ನೆರಳು ಕಾಣುತ್ತದೆ. 2022–23ರಲ್ಲಿ ಸೈಮನ್ ಗ್ರೇಸನ್ ಕೈಕೆಳಗೆ ಅರ್ಧ ಸೀಸನ್ ನೆಲಕಚ್ಚಿದ್ದ ತಂಡ, ಅವರನ್ನೇ ಉಳಿಸಿಕೊಂಡು, ಲೀಗಿನ ಕೊನೆಯ ಎಂಟೂ ಪಂದ್ಯ ಗೆದ್ದು ಫೈನಲ್‌ಗೆ ಹೋಯಿತು. ಮರುವರ್ಷ ಮತ್ತೆ ಕುಸಿದಾಗ ಡಿಸೆಂಬರ್‌ನಲ್ಲಿ ಅವರನ್ನು ಬದಲಿಸಿ ಜೆರಾರ್ಡ್ ಝರಗೋಝ ಬಂದರು. ಆದರೂ 10ನೇ ಸ್ಥಾನವೇ. ಅದೇ ಝರಗೋಝ, 2024ರ ಬಿಡುವಿನಲ್ಲಿ ಎಡ್ಗರ್ ಮೆಂಡೆಜ್, ಆಲ್ಬರ್ಟೊ ನೊಗುವೆರಾ, ಪೆರೆಯ್ರಾ ಡಿಯಾಜ್‌ರಂಥವರು ಬಂದ ಮೇಲೆ, 2024–25ರಲ್ಲಿ ತಂಡವನ್ನು ಫೈನಲ್‌ಗೆ ತಂದರು.

ಇನ್ನು ಭಾರತ ತಂಡ. 2024ರಲ್ಲಿ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಅಫ್ಘಾನಿಸ್ತಾನದ ಎದುರು 0–0, ಗುವಾಹಟಿಯಲ್ಲಿ ಅದೇ ತಂಡಕ್ಕೆ 1–2, ಜೂನ್ 6ರಂದು ಕೋಲ್ಕತ್ತಾದಲ್ಲಿ ಕುವೈತ್ ಎದುರು 0–0. ಗುವಾಹಟಿಯ ಆ ಒಂದು ಗೋಲೂ ಸುನಿಲ್ ಛೆಟ್ರಿಯ ಪೆನಾಲ್ಟಿ. ಕೋಚ್ ಇಗೊರ್ ಸ್ಟಿಮಾಕ್ ಹೋದರು. ಮನೊಲೊ ಮಾರ್ಕೆಜ್ ಬಂದು ಎಂಟು ಪಂದ್ಯದಲ್ಲಿ ಗೆದ್ದದ್ದು ಒಂದು, ಅದಕ್ಕೂ ನಿವೃತ್ತಿಯಾಗಿದ್ದ 40ರ ಛೆಟ್ರಿಯನ್ನು ಮರಳಿ ಕರೆಸಬೇಕಾಯಿತು. ಅವರೂ ಹೋದರು. 2025ರ ಆಗಸ್ಟ್‌ನಲ್ಲಿ ಖಾಲಿದ್ ಜಮೀಲ್ ಬಂದರು; ಅಕ್ಟೋಬರ್‌ನಲ್ಲಿ ಸಿಂಗಪುರದ ಎದುರು 1–1, ಮಡಗಾಂವ್‌ನಲ್ಲಿ 1–2, ಏಷ್ಯನ್ ಕಪ್ ಆಸೆ ಮುಗಿಯಿತು. ಮೂವರು ಕೋಚ್, ಮೂರು ಬಗೆಯ ಆಟ, ಬರ ಒಂದೇ. ಐಎಸ್‌ಎಲ್ ಕ್ಲಬ್ಬುಗಳು ಮುಂದಿನ ಜಾಗಕ್ಕೆ ಬಹುತೇಕ ವಿದೇಶಿಯರನ್ನೇ ತರುವಾಗ, ವರ್ಷವಿಡೀ ಆ ಜಾಗದಲ್ಲಿ ಆಡಿ ಪಳಗಿದ ನಮ್ಮ ಹುಡುಗ ಎಲ್ಲಿಂ‍ದ ಬರಬೇಕು? ಇದು ಕೋಚ್ ಕುರ್ಚಿಯಿಂದ ರಿಪೇರಿ ಆಗುವ ಕೆಡುಕಲ್ಲ, ಹನ್ನೊಂದು ಆಟಗಾರರನ್ನು ಬೈದರೂ ಆಗದು.

ಸಭೆ ನಡೆಸುವಾಗ

ಪಂದ್ಯದ ದಿನ ಸಭೆ ಬೇಡ. ಎರಡು ದಿನ ಕಳೆಯಲಿ. ಮೊದಲ ಹತ್ತು ನಿಮಿಷ ಯಾರೂ ಹೆಸರು ಹೇಳದೆ ಆರು ಕಾಲಂ ಓದಿ. ಆಮೇಲೆ ಕೋಚ್‌ಗೆ ಮೂರು ಪ್ರಶ್ನೆ: ಚೆಂಡು ಡಿ ಒಳಗೆ ಯಾವ ದಾರಿಯಿಂದ ಹೋಗಬೇಕೆಂದು ನೀವು ಬಯಸುತ್ತೀರಿ, ಅದನ್ನು ವಾರದಲ್ಲಿ ಎಷ್ಟು ನಿಮಿಷ ಅಭ್ಯಾಸ ಮಾಡಿಸುತ್ತೀರಿ, ಅದಕ್ಕೆ ಅಡ್ಡಿ ಏನು? ಒಳ್ಳೆಯ ಕೋಚ್ ಈ ಮೂರಕ್ಕೆ ಐದು ನಿಮಿಷದಲ್ಲಿ, ಮೈದಾನದ ಚಿತ್ರ ಬರೆದು ಉತ್ತರಿಸುತ್ತಾರೆ. "ಹುಡುಗ್ರಿಗೆ ಮನಸ್ಸಿಲ್ಲ" ಎಂಬುದಷ್ಟೇ ಉತ್ತರವಾದರೆ ಅದನ್ನೂ ಬರೆದಿಡಿ.

ನಾಯಕನಿಗೂ ಒಂದು ಪ್ರಶ್ನೆ ಕೇಳಿ: ಕೋಚ್ ಹೇಳಿದ್ದನ್ನು ಮೈದಾನದಲ್ಲಿ ಮಾಡದೇ ಇದ್ದದ್ದು ಯಾವುದು, ಯಾಕೆ? ಎತ್ತು ಏರಿಗೆ, ಕೋಣ ನೀರಿಗೆ ಎಳೆಯುತ್ತಿರುವುದು ಇಲ್ಲೇ ಹೊರಬೀಳುತ್ತದೆ.

ಆಮೇಲೆ ಒಂದೇ ಕೊಂಡಿ ಆರಿಸಿ. ಆರು ವಾರ ಗಡುವು. ಗುರಿ ಗೋಲಿನಲ್ಲಿ ಇಡಬೇಡಿ, ಅದಕ್ಕೆ ಅದೃಷ್ಟ ಬೆರೆತಿರುತ್ತದೆ; ಕೊಂಡಿಯಲ್ಲಿ ಇಡಿ. ಕ್ರಾಸ್ ಹೊತ್ತಿಗೆ ಡಿ ಒಳಗೆ ಮೂವರು ಇರುವುದು ಹತ್ತರಲ್ಲಿ ಎರಡು ಸಲ ಇದ್ದದ್ದು ಆರು ಸಲಕ್ಕೆ ಏರಬೇಕು, ಹೀಗೆ. ಏರಿದರೆ ಗೋಲು ತಡವಾದರೂ ಕಾಯಿರಿ. ಅಭ್ಯಾಸಕ್ಕೆ ಹಾಜರಿ ಇದ್ದು, ಚೆಂಡು ಇದ್ದು, ಆಯ್ಕೆಯ ಸ್ವಾತಂತ್ರ್ಯವೂ ಇದ್ದು ಅಂಕಿ ಕದಲದಿದ್ದರೆ ಕೋಚ್ ಬದಲಿಸುವ ಮಾತನ್ನು ಕೋಚ್ ಎದುರೇ, ಮರ್ಯಾದೆಯಿಂದ ಆಡಬಹುದು.

ಹೊಸ ಕೋಚ್ ಬಂದರೆ ನೋಟ್‌ಬುಕ್ಕನ್ನು ಮೊದಲ ದಿನವೇ ಅವರ ಕೈಗೆ ಕೊಡಬೇಡಿ. ಎರಡು ಪಂದ್ಯ ಅವರು ತಮ್ಮ ಕಣ್ಣಿನಿಂದಲೇ ನೋಡಲಿ, ಕಳಚಿದ ಕೊಂಡಿ ಯಾವುದೆಂದು ತಾವೇ ಹೇಳಲಿ. ಆಮೇಲೆ ಪುಸ್ತಕ ತೆರೆದು ಪಕ್ಕಪಕ್ಕ ಇಟ್ಟು ನೋಡಿ. ಹೊಂದಿದರೆ ಮರುದಿನದಿಂದಲೇ ಕೆಲಸ ಶುರು. ಹೊಂದದಿದ್ದರೆ ವಿಡಿಯೊ ಹಾಕಿ, ಗೋಲ್ ಕಿಕ್‌ನಿಂದ ಮತ್ತೆ ನೋಡಿ.